400 ಡಾಲರ್ ಅಡಮಾನ, ಒಬ್ಬ ಒಳ್ಳೆಯ ಧಣಿ

ಮರದ ಕೊಂಬೆಗೆ ಹಗ್ಗ. ಹಗ್ಗದ ತುದಿಯಲ್ಲಿ ಒಬ್ಬ ಮನುಷ್ಯನ ಕುತ್ತಿಗೆ. ಕೈ ಕಟ್ಟಿದ್ದಾರೆ. ಕಾಲ್ಬೆರಳು ಮಾತ್ರ ಕೆಸರಿಗೆ ತಾಗುತ್ತಿದೆ. ಜಾರಿದರೆ ಉಸಿರು ಕಟ್ಟುತ್ತದೆ, ಮತ್ತೆ ತಡಕಾಡಿ ನಿಲ್ಲುತ್ತಾನೆ. ಸಂಗೀತ ಇಲ್ಲ. ಕೆಸರಲ್ಲಿ ಕಾಲು ಜಾರುವ ಪಚಪಚ ಸದ್ದು ಅಷ್ಟೇ. ಸ್ವಲ್ಪ ಹೊತ್ತಿಗೆ ಹಿಂದಿನ ಗುಡಿಸಲುಗಳಿಂದ ಜನ ಒಬ್ಬೊಬ್ಬರಾಗಿ ಹೊರಗೆ ಬಂದು ತಮ್ಮ ತಮ್ಮ ಕೆಲಸಕ್ಕೆ ತೊಡಗುತ್ತಾರೆ. ಮಕ್ಕಳು ಅಲ್ಲೇ ಹಿಂದೆ ಆಡುತ್ತವೆ. ಒಬ್ಬಾಕೆ ಕದ್ದು ಬಂದು ಒಂದು ಗುಟುಕು ನೀರು ಕುಡಿಸಿ ಓಡುತ್ತಾಳೆ. ಮನೆಯೊಡತಿ ಮಹಡಿಯಿಂದ ನೋಡುತ್ತಾಳೆ. ಬಿಸಿಲು ಇಳಿಯುವವರೆಗೂ ಆತ ಹಾಗೇ ನಿಂತಿರುತ್ತಾನೆ.

'12 ಇಯರ್ಸ್ ಎ ಸ್ಲೇವ್' ನೋಡಿದವರಿಗೆ ಈ ದೃಶ್ಯ ಮರೆತು ಹೋಗಲು ಸಾಧ್ಯವಿಲ್ಲ. 2013ರ ಸಿನಿಮಾ. ನಿರ್ದೇಶಕ ಬ್ರಿಟನ್ನಿನ ಸ್ಟೀವ್ ಮ್ಯಾಕ್ವೀನ್. 2014ರಲ್ಲಿ ಅತ್ಯುತ್ತಮ ಚಿತ್ರ ಸೇರಿ ಮೂರು ಆಸ್ಕರ್ ಬಂತು. ಮೊದಲ ಸಲ ನೋಡಿದಾಗ ನನಗೆ ಆ ಹಗ್ಗವೇ ಕಣ್ಣಲ್ಲಿ ನಿಂತಿತ್ತು. ಎರಡನೇ ಸಲ ನೋಡಿದಾಗ ಹಿಂದೆ ಆಡುತ್ತಿದ್ದ ಮಕ್ಕಳು ನಿಂತರು. ಮೂರನೇ ಸಲ ಬೇರೆ ಪ್ರಶ್ನೆ ಹುಟ್ಟಿತು: ಇದು ಯಾರ ಜಮೀನು? ಯಾರ ಅಂಗಳದಲ್ಲಿ ಈ ಮನುಷ್ಯ ನೇತಾಡುತ್ತಿದ್ದಾನೆ?

ಒಬ್ಬ ಒಳ್ಳೆಯ ಮನುಷ್ಯನ ಅಂಗಳದಲ್ಲಿ.

ನಾನು ಹೇಳಬೇಕೆಂದಿರುವುದು ಈ ಒಳ್ಳೆಯ ಮನುಷ್ಯನ ಬಗ್ಗೆಯೇ. ಈಗ ಯಾಕೆ ಅಂದರೆ, ಅಮೆರಿಕದಲ್ಲಿ ಗುಲಾಮಗಿರಿಯನ್ನು ಹೇಗೆ ನೆನೆಯಬೇಕು ಅನ್ನುವ ಜಗಳ ಮುಗಿದಿಲ್ಲ, ಜೋರಾಗಿದೆ. 2023ರಲ್ಲಿ ಫ್ಲಾರಿಡಾ ರಾಜ್ಯದ ಶಾಲಾ ಇತಿಹಾಸದ ಪಠ್ಯಕ್ರಮದಲ್ಲಿ ಒಂದು ಸಾಲು ಸೇರಿತು. ಗುಲಾಮರು ಕೆಲವು ಕೌಶಲಗಳನ್ನು ಕಲಿತರು, ಕೆಲವು ಸಂದರ್ಭಗಳಲ್ಲಿ ಅವು ಅವರ ಸ್ವಂತ ಲಾಭಕ್ಕೂ ಬಂದವು ಅಂತ ಅದರ ತಾತ್ಪರ್ಯ. 2025ರ ಆಗಸ್ಟ್‌ನಲ್ಲಿ ಅಧ್ಯಕ್ಷ ಟ್ರಂಪ್, ಸ್ಮಿತ್ಸೋನಿಯನ್ ಮ್ಯೂಸಿಯಂಗಳಲ್ಲಿ ಬರೀ ದೇಶದ ಕೆಟ್ಟದ್ದನ್ನೇ, ಗುಲಾಮಗಿರಿ ಎಷ್ಟು ಕೆಟ್ಟದ್ದು ಅನ್ನುವುದನ್ನೇ ತೋರಿಸುತ್ತಾರೆ ಅಂತ ಸಿಟ್ಟು ಹೊರಹಾಕಿದರು. ಇಂಥ ಮಾತು ಬಂದಾಗಲೆಲ್ಲ ಬೆನ್ನಿಗೇ ಎರಡು ವಾದ ಬರುತ್ತವೆ. ಎಲ್ಲ ಧಣಿಗಳೂ ಕೆಟ್ಟವರಾಗಿರಲಿಲ್ಲ ಅನ್ನುವುದು ಒಂದು. ಆ ಕಾಲವನ್ನು ಈ ಕಾಲದ ಅಳತೆಗೋಲಿನಿಂದ ಅಳೆಯಬಾರದು ಅನ್ನುವುದು ಇನ್ನೊಂದು. ಕೇಳಲು ಎರಡೂ ನ್ಯಾಯವಾಗೇ ಇವೆ, ಅಲ್ವಾ? ಈ ಸಿನಿಮಾ ಮತ್ತು ಅದರ ಹಿಂದಿನ ಪುಸ್ತಕ ಎರಡಕ್ಕೂ ಉತ್ತರ ಕೊಡುತ್ತವೆ. ಆದರೆ ನಾವು ಎಣಿಸಿದ ರೀತಿಯಲ್ಲಿ ಅಲ್ಲ.

ಮೊದಲು ಕಥೆ. ಸಾಲೊಮನ್ ನಾರ್ಥಪ್ ನ್ಯೂಯಾರ್ಕ್ ರಾಜ್ಯದಲ್ಲಿ ಸ್ವತಂತ್ರನಾಗಿ ಹುಟ್ಟಿದ ಕಪ್ಪು ಮನುಷ್ಯ. ಹೆಂಡತಿ ಆನ್, ಮೂರು ಮಕ್ಕಳು, ಸಾರಟೋಗಾ ಸ್ಪ್ರಿಂಗ್ಸ್‌ನಲ್ಲಿ ಸಂಸಾರ. ಚೆನ್ನಾಗಿ ಪಿಟೀಲು ನುಡಿಸುತ್ತಿದ್ದ. 1841ರಲ್ಲಿ ಇಬ್ಬರು ಬಂದು ಸರ್ಕಸ್ಸಿನಲ್ಲಿ ಪಿಟೀಲು ನುಡಿಸುವ ಕೆಲಸ ಇದೆ, ಒಳ್ಳೆ ಸಂಬಳ ಅಂತ ವಾಷಿಂಗ್ಟನ್‌ಗೆ ಕರೆದುಕೊಂಡು ಹೋದರು. ಅಲ್ಲಿ ಅವನಿಗೆ ಪ್ರಜ್ಞೆ ತಪ್ಪಿತು. ಎಚ್ಚರವಾದಾಗ ಕೈಕಾಲಿಗೆ ಸರಪಳಿ. ಸಿನಿಮಾದಲ್ಲಿ ಆ ಕತ್ತಲ ಕೋಣೆಯಿಂದ ಕ್ಯಾಮೆರಾ ಮೇಲೇರಿ ಮೇಲೇರಿ, ದೂರದಲ್ಲಿ ಅಮೆರಿಕದ ಸಂಸತ್ ಭವನವನ್ನು ತೋರಿಸುತ್ತದೆ. ಇದು ನಿರ್ದೇಶಕರ ಚಮತ್ಕಾರ ಅಲ್ಲ. ಗುಲಾಮರನ್ನು ಕೂಡಿಹಾಕುವ ಆ ದೊಡ್ಡಿ ಇದ್ದದ್ದೇ ಅಲ್ಲಿ, ಸಂಸತ್ ಭವನಕ್ಕೆ ಕಾಣುವಷ್ಟು ಹತ್ತಿರ.

ಅಲ್ಲಿಂದ ಹಡಗಿನಲ್ಲಿ ನ್ಯೂ ಆರ್ಲಿಯನ್ಸ್. ಹೆಸರು ಸಾಲೊಮನ್ ಹೋಗಿ ಪ್ಲಾಟ್ ಆಯಿತು. ಲೂಸಿಯಾನಾದಲ್ಲಿ 12 ವರ್ಷ. 1853ರ ಜನವರಿಯಲ್ಲಿ ಬಿಡುಗಡೆ. ಅದೇ ವರ್ಷ ತನ್ನ ಕಥೆ ಹೇಳಿ ಬರೆಸಿದ. ಪುಸ್ತಕ ಆಗ ಸುಮಾರು 30,000 ಪ್ರತಿ ಮಾರಾಟವಾಯಿತು. ಆಮೇಲೆ ಜನ ಮರೆತರು. 1968ರಲ್ಲಿ ಇಬ್ಬರು ಇತಿಹಾಸಕಾರರು, ಸೂ ಈಕಿನ್ ಮತ್ತು ಜೋಸೆಫ್ ಲಾಗ್ಸ್‌ಡನ್, ಊರು, ದಾಖಲೆ, ಹೆಸರು ಎಲ್ಲ ತಾಳೆ ನೋಡಿ ಮತ್ತೆ ಹೊರತಂದರು.

ಇಲ್ಲೊಂದು ಮಾತು. ಗುಲಾಮ ಅನ್ನುವುದಕ್ಕೆ ನಾವು ಕನ್ನಡದಲ್ಲಿ ಸುಲಭವಾಗಿ ಜೀತದಾಳು ಅಂದುಬಿಡುತ್ತೇವೆ. ಜೀತದ ಕ್ರೌರ್ಯ ಕಡಿಮೆ ಅಂತಲ್ಲ. 1976ರ ಜೀತ ರದ್ದತಿ ಕಾಯ್ದೆ ಬಂದಮೇಲೂ ಅದು ಪೂರ್ತಿ ಹೋಗಿಲ್ಲ. ಆದರೆ ಜೀತದಲ್ಲಿ ಸಾಲ ಮನುಷ್ಯನ ತಲೆ ಮೇಲಿರುತ್ತದೆ. ಅಮೆರಿಕದ ಗುಲಾಮಗಿರಿಯಲ್ಲಿ ಮನುಷ್ಯನೇ ಆಸ್ತಿ. ಅವನ ಮೇಲೆ ಬೇರೆಯವರು ಸಾಲ ಎತ್ತಬಹುದು. ಈ ವ್ಯತ್ಯಾಸ ಇಟ್ಟುಕೊಂಡರೆ ಮುಂದಿನದು ಸ್ಪಷ್ಟವಾಗುತ್ತದೆ.

ಸಾಲೊಮನ್‌ನ ಮೊದಲ ಧಣಿ ವಿಲಿಯಂ ಫೋರ್ಡ್. ಬ್ಯಾಪ್ಟಿಸ್ಟ್ ಬೋಧಕ. ಮೃದು ಮಾತಿನವನು. ಭಾನುವಾರ ಗುಲಾಮರನ್ನು ಕೂರಿಸಿಕೊಂಡು ಬೈಬಲ್ ಓದುತ್ತಾನೆ. ನ್ಯೂ ಆರ್ಲಿಯನ್ಸಿನ ಸಂತೆಯಲ್ಲಿ ಎಲೈಜಾ ಅನ್ನುವ ತಾಯಿಯನ್ನು ಅವಳ ಮಕ್ಕಳಿಂದ ಬೇರೆ ಮಾಡುವಾಗ ಫೋರ್ಡ್ ನಿಜವಾಗಿಯೂ ಸಂಕಟಪಡುತ್ತಾನೆ. ಪುಟ್ಟ ಮಗಳನ್ನೂ ಕೊಡು, ಕೊಂಡುಕೊಳ್ಳುತ್ತೇನೆ ಅಂತ ಕೇಳುತ್ತಾನೆ. ವ್ಯಾಪಾರಿ ಒಪ್ಪುವುದಿಲ್ಲ. ಆ ಹುಡುಗಿ ದೊಡ್ಡವಳಾದರೆ ತುಂಬ ದುಡ್ಡು ಬರುತ್ತದೆ. ನಿನಗೆ ಕರುಳೇ ಇಲ್ವಾ ಅಂತ ಫೋರ್ಡ್ ಕೇಳಿದರೆ, ನನ್ನ ಕರುಳು ಒಂದು ನಾಣ್ಯದಷ್ಟು ಉದ್ದ ಇದೆ ಅನ್ನುವ ಅರ್ಥದ ಉತ್ತರ ಬರುತ್ತದೆ. ಪುಸ್ತಕದ ಪ್ರಕಾರ ಅಲ್ಲಿ ಹೇಳಿದ ಬೆಲೆ ಸಾಲೊಮನ್‌ಗೆ 1,000 ಡಾಲರ್, ಎಲೈಜಾಗೆ 700. ತಾಯಿಯ ಅಳು ಕೇಳದಿರಲಿ ಅಂತ ವ್ಯಾಪಾರಿ ಸಾಲೊಮನ್‌ಗೆ ಪಿಟೀಲು ಬಾರಿಸು ಅನ್ನುತ್ತಾನೆ. ಫೋರ್ಡ್ ಮುಖ ಬಾಡಿಸಿಕೊಂಡು, ಕೊಂಡವರನ್ನು ಕರೆದುಕೊಂಡು ಹೊರಡುತ್ತಾನೆ.

ಮನೆಗೆ ಬಂದಾಗ ಅವನ ಹೆಂಡತಿ ಎಲೈಜಾ ಅಳುವುದನ್ನು ನೋಡುತ್ತಾಳೆ. ಪಾಪ, ಏನಾದರೂ ತಿಂದು ಸ್ವಲ್ಪ ಮಲಗು, ಬೇಗ ಮಕ್ಕಳು ಮರೆತುಹೋಗುತ್ತಾರೆ ಅನ್ನುತ್ತಾಳೆ. ಹಂಗಿಸಲಿಕ್ಕಲ್ಲ. ಸಮಾಧಾನ ಮಾಡಲಿಕ್ಕೇ. ನನಗಂತೂ ಇಡೀ ಸಿನಿಮಾದ ಅತಿ ಭಯದ ಮಾತು ಅದು. ಚಾಟಿ ಹಿಡಿದವನ ಬಾಯಿಂದ ಬಂದ ಮಾತಲ್ಲ, ಊಟ ಹಾಕುವವಳ ಬಾಯಿಂದ ಬಂದದ್ದು.

ಎಲೈಜಾ ಮರೆಯಲಿಲ್ಲ. ಅಳುತ್ತಲೇ ಇದ್ದಳು. ಸಾಲೊಮನ್‌ಗೂ ಅವಳಿಗೂ ಒಂದು ಜಗಳ ನಡೆಯುತ್ತದೆ. ಈ ಪರಿಸ್ಥಿತಿಯಲ್ಲಿ ಫೋರ್ಡ್ ಒಳ್ಳೆಯವನೇ ಅನ್ನುತ್ತಾನೆ ಸಾಲೊಮನ್. ಈ ಪರಿಸ್ಥಿತಿಯಲ್ಲಿ ಅವನು ಗುಲಾಮರ ಧಣಿ ಅಂತ ಅವಳು ಅವನ ಮಾತನ್ನೇ ಅವನ ಮುಖಕ್ಕೆ ತಿರುಗಿಸುತ್ತಾಳೆ. ಎಲ್ಲ ಧಣಿಗಳೂ ಕೆಟ್ಟವರಲ್ಲ ಅನ್ನುವವರು ಇವಳ ಹತ್ತಿರ ಹೋಗಿ ಹೇಳಲಿ.

ಈಗ ಆ ಹಗ್ಗದ ಹತ್ತಿರ ಬರೋಣ. ಫೋರ್ಡ್‌ಗೆ ಸಾಲ ಇತ್ತು. ಟಿಬೀಟ್ಸ್ ಅನ್ನುವ ಬಡಗಿಗೆ ದುಡ್ಡು ಕೊಡಬೇಕಿತ್ತು. ಕೊಡಲಾಗದೆ ಸಾಲೊಮನ್‌ನನ್ನು ಅವನಿಗೆ ಮಾರಿದ. ಸಾಲೊಮನ್‌ನ ಬೆಲೆ ಸಾಲಕ್ಕಿಂತ ಜಾಸ್ತಿ ಇತ್ತು. ಉಳಿದ 400 ಡಾಲರ್‌ಗೆ ಫೋರ್ಡ್ ಸಾಲೊಮನ್ ಮೇಲೇ ಅಡಮಾನ ಇಟ್ಟುಕೊಂಡ. ಇದು ಪುಸ್ತಕದಲ್ಲಿ ಬಿಡಿಬಿಡಿಯಾಗಿ ಇದೆ. ಮೊಳೆ ಹೊಡೆಯುವ ವಿಷಯಕ್ಕೆ ಟಿಬೀಟ್ಸ್ ಜಗಳ ತೆಗೆದು ಚಾಟಿ ಎತ್ತಿದಾಗ ಸಾಲೊಮನ್ ತಿರುಗಿ ಹೊಡೆದ. ಅದಕ್ಕೇ ನೇಣು. ಆಗ ಫೋರ್ಡ್‌ನ ಮೇಸ್ತ್ರಿ ಚೇಪಿನ್ ಪಿಸ್ತೂಲು ಹಿಡಿದು ಬಂದು ತಡೆಯುತ್ತಾನೆ. ಏನಂತ ತಡೆಯುತ್ತಾನೆ? ಪ್ಲಾಟ್ ಮೇಲೆ ಫೋರ್ಡ್‌ನ ಅಡಮಾನ ಇದೆ, ನೀನು ಇವನನ್ನು ಕೊಂದರೆ ಅವರ ದುಡ್ಡು ಹೋಗುತ್ತದೆ ಅಂತ.

ಒಬ್ಬ ಮನುಷ್ಯ ಅವತ್ತು ಉಳಿದದ್ದು 400 ಡಾಲರ್ ಬಾಕಿಯಿಂದ. ಬಾಕಿ ತೀರಿದ್ದರೆ?

ಇದೇನು ಒಂದು ಊರಿನ ವಿಚಿತ್ರ ಅಂದುಕೊಳ್ಳಬೇಡಿ. 2005ರಲ್ಲಿ ಜೆಪಿ ಮೋರ್ಗನ್ ಚೇಸ್ ಬ್ಯಾಂಕ್ ಒಂದು ಕ್ಷಮೆ ಕೇಳಿತು. ಅದರೊಳಗೆ ಸೇರಿಹೋಗಿರುವ ಲೂಸಿಯಾನಾದ ಎರಡು ಹಳೇ ಬ್ಯಾಂಕುಗಳು 1831ರಿಂದ 1865ರವರೆಗೆ ಸುಮಾರು 13,000 ಗುಲಾಮರನ್ನು ಸಾಲಕ್ಕೆ ಅಡಮಾನವಾಗಿ ಹಿಡಿದಿದ್ದವು. ಸಾಲ ತೀರಿಸದವರಿಂದ ಸುಮಾರು 1,250 ಜನ ಬ್ಯಾಂಕಿನ ಸ್ವತ್ತೇ ಆದರು. ಆ ಬ್ಯಾಂಕಿನ ಗುಮಾಸ್ತ ಯಾರಿಗೂ ಚಾಟಿಯಲ್ಲಿ ಹೊಡೆದಿರಲಾರ. ಸಂಜೆ ಮನೆಗೆ ಹೋಗಿ ಮಕ್ಕಳನ್ನು ಮುದ್ದು ಮಾಡಿರಬಹುದು. ಪುಸ್ತಕದಲ್ಲಿ ಹೆಸರು, ವಯಸ್ಸು, ಬೆಲೆ ಬರೆದ, ಅಷ್ಟೇ. ಮನುಷ್ಯ ಸ್ವಭಾವದ ಬಗ್ಗೆ ಮಾತಾಡುವಾಗ ನಾವು ಯಾವಾಗಲೂ ಚಾಟಿ ಹಿಡಿದವನ ಮುಖ ನೋಡುತ್ತೇವೆ. ಈ ಗುಮಾಸ್ತನ ಮುಖ ಯಾರಿಗೂ ಕಾಣುವುದಿಲ್ಲ.

ಸಿನಿಮಾಕ್ಕೂ ಪುಸ್ತಕಕ್ಕೂ ಇರುವ ಒಂದು ದೊಡ್ಡ ವ್ಯತ್ಯಾಸ ಫೋರ್ಡ್ ವಿಷಯದಲ್ಲೇ ಇದೆ. 1853ರಲ್ಲಿ ಸಾಲೊಮನ್ ಅವನನ್ನು ಬಾಯ್ತುಂಬ ಹೊಗಳುತ್ತಾನೆ. ಅವನಿಗಿಂತ ದಯೆಯ ಮನುಷ್ಯ ಇರಲಿಲ್ಲ, ಹುಟ್ಟಿ ಬೆಳೆದ ವಾತಾವರಣ ಅವನ ಕಣ್ಣು ಮುಚ್ಚಿತ್ತು ಅನ್ನುತ್ತಾನೆ. ನಾನು ಸ್ವತಂತ್ರ ಅಂತ ಫೋರ್ಡ್‌ಗೆ ಹೇಳಿರಲೂ ಇಲ್ಲ. ಸಿನಿಮಾದಲ್ಲಿ ಹೇಳುತ್ತಾನೆ. ಹಗ್ಗದಿಂದ ಇಳಿಸಿದ ರಾತ್ರಿ, ಮನೆಯ ನೆಲದ ಮೇಲೆ ಬಿದ್ದುಕೊಂಡು, ಕುತ್ತಿಗೆ ಬಾತುಕೊಂಡು, ನಾನು ಗುಲಾಮನಲ್ಲ ಅನ್ನುತ್ತಾನೆ. ಫೋರ್ಡ್ ಅದನ್ನು ನಾನು ಕೇಳಿಸಿಕೊಳ್ಳಲಾರೆ ಅನ್ನುತ್ತಾನೆ. ತೀರಿಸಬೇಕಾದ ಸಾಲ ಇದೆ ಅನ್ನುತ್ತಾನೆ. ಸಾಲೊಮನ್‌ನನ್ನು ಎಪ್ಸ್ ಅನ್ನುವ ಹತ್ತಿ ಬೆಳೆಗಾರನಿಗೆ ದಾಟಿಸುತ್ತಾನೆ.

ಚಿತ್ರಕಥೆ ಬರೆದ ಜಾನ್ ರಿಡ್ಲಿ ಇತಿಹಾಸ ತಿರುಚಿದರು ಅಂತ ಇದಕ್ಕೆ ಆಕ್ಷೇಪ ಎತ್ತಬಹುದು. ಎತ್ತಬೇಕಾದದ್ದೇ. ಆದರೆ ನನಗೆ ಅನ್ನಿಸುವುದು ಬೇರೆ. ಪುಸ್ತಕದ ಫೋರ್ಡ್‌ಗೆ ಗೊತ್ತಿರಲಿಲ್ಲ ಅನ್ನುವ ನೆಪ ಇದೆ. ಆದರೆ ಗೊತ್ತಿಲ್ಲದ್ದು ಒಬ್ಬನ ವಿಷಯ ಮಾತ್ರ. ಎಲೈಜಾಗೆ ಮಕ್ಕಳಿದ್ದರು ಅನ್ನುವುದು ಅವನಿಗೆ ಗೊತ್ತಿತ್ತು. ಸಾಲೊಮನ್ ಸ್ವತಂತ್ರನಾಗಿ ಹುಟ್ಟಿದವನು ಅಂತ ಗೊತ್ತಾದರೆ ಅನ್ಯಾಯ, ಮುಂದೆ ಎಪ್ಸ್ ಹೊಲದಲ್ಲಿ ಸಿಗುವ, ಗುಲಾಮಳಾಗಿಯೇ ಹುಟ್ಟಿದ ಪ್ಯಾಟ್ಸಿಯಾದರೆ ಸರಿ, ಹಾಗಾ? ಆ ನೆಪವನ್ನು ಸಿನಿಮಾ ಕಿತ್ತುಕೊಳ್ಳುತ್ತದೆ. ಕಿತ್ತುಕೊಂಡಮೇಲೆ ಉಳಿಯುವುದು ಒಬ್ಬ ಕಿವಿ ಮುಚ್ಚಿಕೊಂಡ ಸಜ್ಜನ.

ಎಪ್ಸ್ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಕುಡುಕ, ಕ್ರೂರಿ, ಬಾಯಲ್ಲಿ ಬೈಬಲ್. ಪ್ಯಾಟ್ಸಿಯ ಮೈ ಬೇಕು, ಅವಳನ್ನು ಬಯಸುವುದಕ್ಕೆ ತನ್ನ ಮೇಲೇ ಸಿಟ್ಟು, ಆ ಸಿಟ್ಟು ಬೀಳುವುದು ಅವಳ ಬೆನ್ನಿನ ಮೇಲೆ. ಮೈಕಲ್ ಫಾಸ್ಬೆಂಡರ್ ಅದ್ಭುತವಾಗಿ ಮಾಡಿದ್ದಾರೆ. ಆದರೆ ಎಪ್ಸ್‌ನನ್ನು ನೋಡಿದಾಗ ನಮಗೆ ಒಳಗೊಳಗೇ ಒಂದು ನೆಮ್ಮದಿ. ನಾವು ಹೀಗಿಲ್ಲ ಅಂತ.

ಅವನ ಹೊಲದ ದಿನಚರಿ ಮಾತ್ರ ಹತ್ತಿರದಿಂದ ನೋಡಬೇಕು. ಹತ್ತಿ ಬಿಡಿಸುವವರಿಗೆ ದಿನಕ್ಕೆ 200 ಪೌಂಡ್ ನಿಗದಿ, ಅಂದರೆ 90 ಕೆಜಿ. ಕತ್ತಲಾದಮೇಲೆ ಬುಟ್ಟಿ ಹೊತ್ತು ತೂಕಕ್ಕೆ ಬರಬೇಕು. ಕಡಿಮೆ ಬಂದರೆ ಚಾಟಿ. ಜಾಸ್ತಿ ಬಂದರೂ ಎದೆ ಢವಗುಟ್ಟುತ್ತದೆ ಅಂತ ಸಾಲೊಮನ್ ಬರೆಯುತ್ತಾನೆ, ಯಾಕೆಂದರೆ ನಾಳೆಯಿಂದ ಅದೇ ಲೆಕ್ಕ. ಪ್ಯಾಟ್ಸಿ 500 ಪೌಂಡ್ ಬಿಡಿಸುತ್ತಿದ್ದಳು. ನಿಗದಿಯ ಎರಡೂವರೆ ಪಟ್ಟು. ಅಷ್ಟು ಬಿಡಿಸಿದವಳಿಗೆ ಒಂದು ತುಂಡು ಸೋಪು ಸಿಗುತ್ತಿರಲಿಲ್ಲ, ಎಪ್ಸ್‌ನ ಹೆಂಡತಿ ಕೊಡುತ್ತಿರಲಿಲ್ಲ. ಪಕ್ಕದ ಶಾ ಅವರ ಮನೆಗೆ ಹೋಗಿ ತಂದಳು. ಅದಕ್ಕೇ ಅವಳನ್ನು ಕಂಬಕ್ಕೆ ಕಟ್ಟಿ ಹೊಡೆಸಿದ್ದು. ನನ್ನ ಮೈ ವಾಸನೆಗೆ ನನಗೇ ವಾಕರಿಕೆ ಬರುತ್ತೆ ಅಂತ ಅವಳು ಕಿರುಚುತ್ತಾಳೆ. ಲುಪಿಟಾ ನ್ಯೊಂಗೊ ಅವರ ಮೊದಲ ದೊಡ್ಡ ಸಿನಿಮಾ ಅದು. ಆಸ್ಕರ್ ಸಿಕ್ಕಿದ್ದು ಹೆಚ್ಚೇನಲ್ಲ.

ಹೊಡೆಯಲು ಚಾಟಿ ಕೊಟ್ಟದ್ದು ಸಾಲೊಮನ್ ಕೈಗೆ. ಇಲ್ಲಿ ಸಿನಿಮಾ ಪೂರ್ತಿ ಹೇಳದ ಒಂದು ವಿಷಯ ಪುಸ್ತಕದಲ್ಲಿದೆ. ಎಪ್ಸ್ ಅವನನ್ನು ಎಂಟು ವರ್ಷ ಆಳುಗಳ ಮೇಲ್ವಿಚಾರಕನಾಗಿ ಇಟ್ಟಿದ್ದ. ಹೊಲದಲ್ಲಿ ಚಾಟಿ ಕುತ್ತಿಗೆಗೆ ಹಾಕಿಕೊಂಡು ತಿರುಗಬೇಕು. ಯಾರಾದರೂ ಹಿಂದೆ ಬಿದ್ದರೆ ಹೊಡೆಯಬೇಕು. ಹೊಡೆಯದಿದ್ದರೆ ಅವನಿಗೇ ಬೀಳುತ್ತದೆ. ಎಪ್ಸ್ ಎಲ್ಲೋ ಮರದ ಹಿಂದೆ ನಿಂತು ನೋಡುತ್ತಿರುತ್ತಾನೆ. ಸಾಲೊಮನ್ ಏನು ಮಾಡಿದ? ಚಾಟಿ ಬೀಸುವುದನ್ನು ಸಾಧನೆ ಮಾಡಿದ. ಬೆನ್ನಿಗೆ, ಕಿವಿಗೆ, ಮೂಗಿಗೆ ಕೂದಲೆಳೆಯಷ್ಟು ಹತ್ತಿರ ಬಂದು ಚಟೀರ್ ಅಂದು, ತಾಗದೇ ವಾಪಸ್ ಬರಬೇಕು. ಹಾಗೆ ಬೀಸಿದಾಗ ಉಳಿದವರು ಅಯ್ಯೋ ಅಂತ ಮೈ ಹಿಂಡಿಕೊಂಡು ಅರಚುತ್ತಿದ್ದರು. ಎಪ್ಸ್ ಹತ್ತಿರ ಬಂದರೆ, ಪ್ಲಾಟ್ ಸದಾ ಹೊಡೆಯುತ್ತಲೇ ಇರುತ್ತಾನೆ ಅಂತ ಅವನಿಗೆ ಕೇಳುವ ಹಾಗೆ ಗೊಣಗುತ್ತಿದ್ದರು.

ಎಂಟು ವರ್ಷ ಒಂದು ಹೊಲದ ಜನರೆಲ್ಲ ಸೇರಿ ಆಡಿದ ನಾಟಕ. ಒಬ್ಬ ಬಾಯಿಬಿಟ್ಟರೂ ಮುಗಿಯುತ್ತಿತ್ತು. ಓದಿದಾಗ ನಾನು ಪುಸ್ತಕ ಮುಚ್ಚಿ ಸುಮ್ನೆ ಕೂತೆ. ಇಷ್ಟು ಒಳ್ಳೆ ಸಂಗತಿಯನ್ನು ಸಿನಿಮಾ ಯಾಕೆ ಬಿಟ್ಟಿತೋ ಅಂತ ಬೇಜಾರೂ ಆಯಿತು. ಆದರೆ ಒಂದು ಎಳೆ ಉಳಿಸಿಕೊಂಡಿದೆ. ಪ್ಯಾಟ್ಸಿಗೆ ಸಾಲೊಮನ್ ಹೊಡೆಯುವಾಗ ಎಪ್ಸ್‌ನ ಹೆಂಡತಿ, ಇವನು ನಟನೆ ಮಾಡುತ್ತಿದ್ದಾನೆ, ಒಂದು ಬಾಸುಂಡೆಯೂ ಎದ್ದಿಲ್ಲ ಅನ್ನುತ್ತಾಳೆ. ಅವತ್ತು ನಾಟಕ ನಡೆಯಲಿಲ್ಲ. ಎಪ್ಸ್ ಪಿಸ್ತೂಲು ತೆಗೆದ. ಪುಸ್ತಕದ ಪ್ರಕಾರ ನಲವತ್ತಕ್ಕೂ ಹೆಚ್ಚು ಏಟು ಹೊಡೆದಮೇಲೆ ಸಾಲೊಮನ್ ಚಾಟಿ ಎಸೆದ, ಏನು ಬೇಕಾದರೂ ಮಾಡಿಕೋ, ಇನ್ನು ಹೊಡೆಯುವುದಿಲ್ಲ ಅಂದ. ಚಾಟಿ ಎಪ್ಸ್ ಕೈಗೆ ಹೋಯಿತು.

ಸಾಲೊಮನ್ ಮಾಡಿದ್ದು ತಪ್ಪಾ? ಹೊಡೆದದ್ದಂತೂ ನಿಜ. ಎಸೆದದ್ದೂ ನಿಜ. ನನ್ನ ಲೆಕ್ಕ ಸರಳ: ಯಾರಿಗೆ ಎಷ್ಟು ಜಾಗ ಇತ್ತು, ಆ ಜಾಗದಲ್ಲಿ ಏನು ಮಾಡಿದರು ಅಂತ ನೋಡಬೇಕು. ಸಾಲೊಮನ್‌ಗೆ ಇದ್ದದ್ದು ಕೂದಲೆಳೆಯಷ್ಟು ಜಾಗ. ಅದನ್ನು ಎಂಟು ವರ್ಷ, ಜೀವ ಪಣಕ್ಕಿಟ್ಟು ಬಳಸಿದ. ಫೋರ್ಡ್‌ಗೆ ಎಕರೆಗಟ್ಟಲೆ ಜಾಗ ಇತ್ತು. ಕಾನೂನು, ಕುದುರೆ, ದೇವರು ಎಲ್ಲ ಅವನ ಕಡೆಗೇ ಇದ್ದವು. ಅವನು ಪಿಟೀಲು ಉಡುಗೊರೆ ಕೊಟ್ಟ. ಅವನ ಒಳ್ಳೆಯತನದಿಂದ ಅವನಿಗೆ ಒಂದು ಡಾಲರ್ ನಷ್ಟವಾಗುವ ಗಳಿಗೆ ಬಂದಾಗ ಅದು ಅಲ್ಲೇ ನಿಂತಿತು.

ಹಾಗಂತ ಗುಲಾಮರೆಲ್ಲ ದೇವರುಗಳು ಅಂತ ಸಿನಿಮಾ ತೋರಿಸುವುದಿಲ್ಲ. ಶಾ ಅವರ ಮನೆಯಾಕೆ ಕಪ್ಪು ಹೆಂಗಸು, ಒಂದು ಕಾಲದಲ್ಲಿ ತಾನೂ ಗುಲಾಮಳು. ಈಗ ಧಣಿಯ ಹೆಂಡತಿಯ ಸ್ಥಾನದಲ್ಲಿ ಕೂತು ಚಹಾ ಕುಡಿಯುತ್ತಾಳೆ, ಬೇರೆಯವರಿಂದ ಸೇವೆ ಮಾಡಿಸಿಕೊಳ್ಳುತ್ತಾಳೆ. ನಾಚಿಕೆ ಏನಿಲ್ಲ. ಆರ್ಮ್ಸ್‌ಬಿ ಅನ್ನುವ ಬಿಳಿಯ ಇನ್ನೂ ವಿಚಿತ್ರ. ಹಿಂದೆ ಮೇಸ್ತ್ರಿಯಾಗಿದ್ದವನು, ಕುಡಿದು ಹಾಳಾಗಿ ಈಗ ಗುಲಾಮರ ಜೊತೆ ಹತ್ತಿ ಬಿಡಿಸುತ್ತಾನೆ. ಇನ್ನೊಬ್ಬ ಮನುಷ್ಯನಿಗೆ ದಿನವೂ ಹೊಡೆಯುವವನು ಒಂದೋ ಮನಸ್ಸಿನಲ್ಲೇ ನೆಪ ಹುಡುಕಬೇಕು, ಇಲ್ಲವೇ ಪಾಪಪ್ರಜ್ಞೆಯನ್ನು ತುಳಿದುಹಾಕಬೇಕು ಅನ್ನುವ ಅರ್ಥದಲ್ಲಿ ಮಾತಾಡುತ್ತಾನೆ. ಎಂಥ ಒಳನೋಟ! ಮಾರನೇ ಸಲ ಸಾಲೊಮನ್ ಅವನನ್ನು ನಂಬಿ ಪತ್ರ ಹಾಕಲು ದುಡ್ಡು ಕೊಟ್ಟರೆ, ನೇರ ಹೋಗಿ ಎಪ್ಸ್‌ಗೆ ಚಾಡಿ ಹೇಳುತ್ತಾನೆ. ತನ್ನ ಮನಸ್ಸನ್ನು ಚೆನ್ನಾಗಿ ಅರಿತವನು ಒಳ್ಳೆಯವನಾಗುತ್ತಾನೆ ಅಂತೇನೂ ಇಲ್ಲ ನೋಡಿ.

ಇನ್ನು ಆ ಕಾಲ, ಈ ಕಾಲದ ವಾದ. ಆ ಕಾಲ ಅಂದರೆ ಯಾವುದು? ನ್ಯೂಯಾರ್ಕ್ ರಾಜ್ಯ 1827ರಲ್ಲೇ ಗುಲಾಮಗಿರಿ ಮುಗಿಸಿತ್ತು. ಬ್ರಿಟನ್ 1833ರಲ್ಲಿ ಕಾನೂನು ಮಾಡಿತ್ತು. ಹೈಟಿಯ ಗುಲಾಮರು ಬಂಡೆದ್ದು 1804ರಲ್ಲಿ ದೇಶವನ್ನೇ ಕಟ್ಟಿದ್ದರು. ಫ್ರೆಡರಿಕ್ ಡಗ್ಲಸ್ ತನ್ನ ಗುಲಾಮಗಿರಿಯ ಕಥೆ ಅಚ್ಚು ಹಾಕಿಸಿದ್ದು 1845ರಲ್ಲಿ. ಫೋರ್ಡ್ ಬೈಬಲ್ ಓದುತ್ತಿದ್ದ ಕಾಲವೂ ಅದೇ. ಎಲ್ಲಕ್ಕಿಂತ ಮುಖ್ಯ, 1860ರ ಜನಗಣತಿಯ ಹೊತ್ತಿಗೆ ಅಮೆರಿಕದಲ್ಲಿ ಸುಮಾರು 39.5 ಲಕ್ಷ ಗುಲಾಮರಿದ್ದರು. ಅವರೂ ಆ ಕಾಲದವರೇ ತಾನೆ? ಆ ಕಾಲದ ಅಳತೆಗೋಲು ಅನ್ನುವಾಗ ಅವರನ್ನು ಯಾರೂ ಕೇಳುವುದಿಲ್ಲ. ಎಲೈಜಾ ಹೇಳಿದ್ದು ಯಾವ ಕಾಲದ ಅಳತೆಗೋಲು?

ಕೌಶಲ ಕಲಿತರು ಅನ್ನುವ ಫ್ಲಾರಿಡಾದ ಮಾತಿಗೆ ಸಾಲೊಮನ್‌ನ ಬದುಕೇ ಉತ್ತರ. ಅವನು ಓದು ಬರಹ, ಪಿಟೀಲು, ಕಾಲುವೆಯಲ್ಲಿ ಮರ ತೇಲಿಸುವುದು ಎಲ್ಲ ಕಲಿತೇ ಹೋಗಿದ್ದ. ಫೋರ್ಡ್‌ನ ಮರದ ದಿಮ್ಮಿಗಳನ್ನು ತೊರೆಯಲ್ಲಿ ತೆಪ್ಪ ಕಟ್ಟಿ ಸಾಗಿಸಿ ಧಣಿಗೆ ಖರ್ಚು ಉಳಿಸಿದ್ದು ಅದೇ ವಿದ್ಯೆಯಿಂದ. ಓದು ಬರುತ್ತದೆ ಅನ್ನುವುದನ್ನು ಮಾತ್ರ 12 ವರ್ಷ ಮುಚ್ಚಿಡಬೇಕಾಯಿತು.

ಕೊನೆಗೆ ಬಿಡುಗಡೆ ಹೇಗಾಯಿತು? ಯಾವ ಧಣಿಯ ಮನಸ್ಸೂ ಕರಗಲಿಲ್ಲ. ಕೆನಡಾದ ಬಡಗಿ ಸ್ಯಾಮುಯೆಲ್ ಬಾಸ್ 1852ರಲ್ಲಿ ಗುಟ್ಟಾಗಿ ಪತ್ರ ಬರೆದು ಹಾಕಿದ. ಸಿಕ್ಕಿಬಿದ್ದರೆ ಅವನ ಜೀವಕ್ಕೂ ಅಪಾಯ. ಸಿನಿಮಾದಲ್ಲಿ ಈ ಪಾತ್ರ ಬ್ರಾಡ್ ಪಿಟ್ ಅವರದು. ನಿರ್ಮಾಪಕರಲ್ಲೂ ಅವರೊಬ್ಬರು, ಒಳ್ಳೆಯ ಪಾತ್ರವನ್ನೇ ಇಟ್ಟುಕೊಂಡಿದ್ದಾರೆ ಅಂತ ನಗು ಬರುತ್ತದೆ. ಪತ್ರದಿಂದ ಕೆಲಸ ಆದದ್ದು ನ್ಯೂಯಾರ್ಕ್‌ನಲ್ಲಿ 1840ರ ಒಂದು ಕಾನೂನು ಇದ್ದದ್ದರಿಂದ. ಅಪಹರಣವಾಗಿ ಗುಲಾಮರಾದ ತನ್ನ ನಾಗರಿಕರನ್ನು ಬಿಡಿಸಿ ತರಲು ಆ ರಾಜ್ಯದ ಗವರ್ನರ್ ಪ್ರತಿನಿಧಿ ಕಳಿಸಬಹುದಿತ್ತು. ಹೋದವರು ವಕೀಲ ಹೆನ್ರಿ ನಾರ್ಥಪ್. ಸಾಲೊಮನ್‌ನ ತಂದೆಯನ್ನು ಒಂದು ಕಾಲದಲ್ಲಿ ಗುಲಾಮನಾಗಿ ಇಟ್ಟುಕೊಂಡಿದ್ದ ಕುಟುಂಬದ ಸಂಬಂಧಿ. ಆ ಹೆಸರು ಬಂದದ್ದೇ ಅಲ್ಲಿಂದ.

ವಾಪಸ್ ಬರುವಾಗ ವಾಷಿಂಗ್ಟನ್‌ನಲ್ಲಿ, ತನ್ನನ್ನು ಮಾರಿದ ವ್ಯಾಪಾರಿಯ ಮೇಲೆ ಸಾಲೊಮನ್ ಕೇಸು ಹಾಕಿಸಿದ. ಕಪ್ಪು ಮನುಷ್ಯ ಬಿಳಿಯನ ವಿರುದ್ಧ ಸಾಕ್ಷಿ ಹೇಳುವ ಹಾಗಿರಲಿಲ್ಲ. ವ್ಯಾಪಾರಿ ಪಾರಾದ.

ಸಿನಿಮಾದಲ್ಲಿ ಸಾಲೊಮನ್ ಗಾಡಿ ಹತ್ತಿ ಹೊರಟಾಗ ಪ್ಯಾಟ್ಸಿ ಹಿಂದೆ ಮಸುಕಾಗುತ್ತಾಳೆ, ಕುಸಿಯುತ್ತಾಳೆ. ಪುಸ್ತಕದಲ್ಲಿ ಅವಳು ಗುಡಿಸಲಿನ ಹಿಂದಿನಿಂದ ಓಡಿಬಂದು ಅವನ ಕುತ್ತಿಗೆ ತಬ್ಬಿಕೊಳ್ಳುತ್ತಾಳೆ. ಎಷ್ಟೋ ಏಟು ತಪ್ಪಿಸಿದ್ದೀಯ ಪ್ಲಾಟ್, ನೀನು ಹೋಗ್ತಿರೋದು ಸಂತೋಷ, ಆದರೆ ನನ್ನ ಗತಿ ಏನು ಅಂತ ಕೇಳುತ್ತಾಳೆ. ಅವನ ಹತ್ತಿರ ಉತ್ತರ ಇರಲಿಲ್ಲ. ಗಾಡಿ ಹೊರಟಿತು. ಅದು 1853ರ ಜನವರಿ. ಗುಲಾಮಗಿರಿಯನ್ನು ಇಡೀ ದೇಶದಲ್ಲಿ ರದ್ದು ಮಾಡಿದ 13ನೇ ತಿದ್ದುಪಡಿ ಜಾರಿಗೆ ಬಂದದ್ದು 1865ರ ಡಿಸೆಂಬರ್‌ನಲ್ಲಿ. ಇನ್ನೂ ಹೆಚ್ಚುಕಡಿಮೆ 13 ವರ್ಷ ಆದಮೇಲೆ.